ತೊಗರಿ ಹೂ ಅನ್ನೋ ಹೆಸರಿನ ಪೂನಮ್

ಪೂನಮ್ ಬಗ್ಗೆ ಯಾರರೆ ನನ್ನ ಮುಂದ ಹಗುರ ಮಾತಾಡಿದ್ರ ಕೈಯಾಗ ಏನಿರ್ತದೋ ಅದನ್ನ ಒಗೀತೀನಿ. ಹೋದ ತಿಂಗಳು ವಕೀಲರ ಖೋಲಿಯಾಗ ಒಬ್ಬ, "ಅದೇ ಫೋನಿನಾಗ ಬರದು ಹೆಣ್ಮಗಳ ಕೈ ಮುರಿಸಿದಾಕಿ ಅಲ್ಲೇನ್ರಿ" ಅಂದ. ನನ್ನ ಚಹಾದ ಕಪ್ಪು ಅವನ ಕಿವಿ ಬಾಜು ಹಾದು ಗ್ವಾಡಿಗಿ ಬಡೀತು. ಗುರಿ ತಪ್ಪಿದ್ದಕ್ಕ ಇವತ್ತಿಗೂ ಬ್ಯಾಸರ ಅದ. ನಾನು ತಾಜುನ್ನಿಸಾ, ಚಿತ್ತಾಪುರ ಕೋರ್ಟಿನ ವಕೀಲಿ. ಸಿಟ್ಟು ನನಗ ಹುಟ್ಟಿನಿಂದ ಬಂದದ. ಬುರ್ಖಾದ ಒಳಗ ಒಲಿ ಉರೀತದ ಅಂತ ನಮ್ಮಣ್ಣ ಕಲೀಮ್ ಚ್ಯಾಷ್ಟಿ ಮಾಡ್ತಾನ. ಪೂನಮ್ ಮಾಡಿದ ತಪ್ಪು ಸಣ್ಣದಲ್ಲ, ಅದನ್ನ ನಾ ಮುಚ್ಚಿಡಂಗಿಲ್ಲ. ಆದ್ರ ಒಬ್ಬರ ತಪ್ಪು ಹೇಳೋ ಮುಂದ ಪೂರಾ ಹೇಳಬೇಕು, ಅರ್ಧ ಹೇಳಿ ಬಿಡಬಾರದು.

ಅಕಿ ಸೇಡಂ ತಾಲೂಕಿನ ಮುಧೋಳದಾಕಿ. ಅಪ್ಪ ಭೀಮಶ್ಯಾ ಮಂದಿ ಹೊಲದಾಗ ದುಡೀತಾನ, ಅವ್ವ ಅನಸುಬಾಯಿ ಸಾಲ್ಯಾಗ ಬಿಸಿಯೂಟದ ಅಡಗಿ ಮಾಡ್ತಾಳ. ಗ್ವಾಡಿ ಮ್ಯಾಲ ಬುದ್ಧನ ಫೋಟೋ ಇರೋ ಒಂದ ಖೋಲಿ ಮನಿ. ಪೂನಮ್ ಸಣ್ಣಾಕಿದ್ದಾಗ ಬಾಜು ಮನ್ಯಾಗ ಒಬ್ಬ ದಿನಾ ಸಂಜಿಗಿ ಹೆಂಡತಿಗಿ ಹೊಡೀತಿದ್ದ. ಹೊಡತದ ಸಪ್ಪಳ ಶುರು ಆಯ್ತಂದ್ರ ಓಣಿ ಮಂದಿ ಟಿವಿ ಜೋರ್ ಮಾಡ್ತಿದ್ರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಿದ್ರು. ಒಂದು ಸಂಜಿ ಆ ಹೆಣ್ಮಗಳು ಉಣಲೂ ಇಲ್ಲ, ಮಲಗಿದಾಕಿ ಏಳಲೂ ಇಲ್ಲ. ಆ ಗಾದಿ ಮಾತು ಹುಟ್ಟಿಸಿದವ ಯಾವನೋ ಸಿಕ್ಕಿದ್ರ ನಾ ಅವನ ನಾಲಿಗಿ ಹಿಡದು ಕೇಳ್ತಿದ್ದೆ. ಪೂನಮ್ ಮಾತ್ರ ಯಾರಿಗೂ ಏನೂ ಅನಲಿಲ್ಲ. ಮುಂದ ಕಲಬುರಗಿಗಿ ಹೋಗಿ ಸಮಾಜಕಾರ್ಯ ಓದಿದ್ಲು, ಚಿಂಚೋಳಿ ಬಾಜು ಚಂದಾಪುರದ ಒಂದು ಹಾಸ್ಟೆಲಿನಾಗ ಸ್ವಲ್ಪ ದಿನ ಕೆಲಸ ಮಾಡಿದ್ಲು, ಅಲ್ಲಿಂದ ನಮ್ಮ ಚಿತ್ತಾಪುರಕ್ಕ ಬಂದ್ಲು.

ಇಲ್ಲಿ ಒಂದು ಸಂಸ್ಥಾದವರು ಹೊಡತ ತಿಂದ ಹೆಂಗಸರ ಸಲುವಾಗಿ ಸಲಹಾ ಕೇಂದ್ರ ನಡಸ್ತಾರ. ಎರಡು ಖೋಲಿ, ನಾಕು ಕುರ್ಚಿ, ಒಂದು ಪಡದಾ. ಪಡದಾದ ಆಚಿ ಪೂನಮ್ ಕುಂತು ಮಂದಿ ಮಾತು ಕೇಳ್ತಾಳ, ಈಚಿ ನಾ ವಾರಕ್ಕೊಮ್ಮೆ ಬಂದು ಪುಕ್ಕಟ್ಟೆ ಕಾಯ್ದೆ ಸಲಹಾ ಕೊಡ್ತೀನಿ. ಹಿಂಗ ನಮ್ಮಿಬ್ಬರ ಗುರ್ತ ಆಯ್ತು. ಅಕಿ ನನಗ ಅಕ್ಕಾ ಅಂದ್ಲು, ನಾ ಅಕಿಗಿ ಮೊದಲ ದಿನದಿಂದ ಬೈಲಿಕತ್ತೆ.

ಬೈತಿದ್ದದ್ದು ಯಾಕಂದ್ರ ಅಕಿ ಭಾಳ ಅಂಜತಿದ್ಲು. ಹೊಡಿಯೋ ಗಂಡಸರಿಗಿ ಅಲ್ಲ, ಗೊತ್ತಿಲ್ಲದ್ದನ್ನ ಕೇಳಲಿಕ್ಕ ಅಂಜತಿದ್ಲು. ಹೊಸದಾಗಿ ಈ ಕೆಲಸಕ್ಕ ಬಂದವರಿಗಿ ದಿನಾ ಒಂದು ಸಂಶಯ ಬರ್ತದ. ಎದುರಿನಾಕಿ ಅತ್ತಾಗ ತನಗೂ ಅಳು ಬಂದ್ರ ತಪ್ಪೇನು? ಒಬ್ಬಾಕಿ ಮಾತೇ ಆಡದೆ ಕುಂತ್ರ ತಾನು ಮಾತಾಡಬೇಕೋ ಸುಮ್ಮನಿರಬೇಕೋ? ಅಕಿ ಮ್ಯಾಲಿನ ಸಾಹೇಬರು ಕಲಬುರಗಿಯಾಗ ಇರ್ತಾರ. ಕೇಳಿದ್ರ, "ಇಷ್ಟೂ ಗೊತ್ತಿಲ್ದೆ ಹ್ಯಾಂಗ ಪಾಸಾದಿ" ಅಂತಾರ, ಆಮ್ಯಾಲ ಅದನ್ನ ಮೀಟಿಂಗಿನಾಗ ಎಲ್ಲರ ಮುಂದ ಹೇಳಿ ನಗ್ತಾರ. ಊರಾಗ ಕೇಳೋಣ ಅಂದ್ರ ಚಿತ್ತಾಪುರ ಎಷ್ಟಿದ್ದೀತು? ಬಸ್ ಸ್ಟ್ಯಾಂಡಿನಾಗ ಸೀನಿದ್ರ ಸ್ಟೇಷನ್ನಿನಾಗ ಆರೋಗ್ಯ ಕೇಳ್ತಾರ.

ಅದಕ್ಕ ಅಕಿ ಫೋನಿನಾಗ ಒಂದು ಗುಂಪು ಹುಡುಕಿಕೊಂಡ್ಲು. ಕರ್ನಾಟಕದ ಹೊಸ ಸಲಹೆಗಾರರೆಲ್ಲ ಅದರಾಗ ಅದಾರ, ಆದ್ರ ಯಾರ ಹೆಸರೂ ಖರೆ ಅಲ್ಲ. ಒಬ್ಬ 'ಹಳೇ ಛತ್ರಿ' ಅಂತ, ಒಬ್ಬಾಕಿ 'ಸೋಮವಾರ' ಅಂತ. ಪೂನಮ್ 'ತೊಗರಿ ಹೂ' ಅಂತ ಹೆಸರಿಟ್ಟುಕೊಂಡ್ಲು. "ನಾ ಮುಖಕ್ಕ ಬುರ್ಖಾ ಹಾಕ್ತೀನಿ, ನೀ ಫೋನಿಗಿ ಹಾಕೀದಿ. ಅದರ ಮ್ಯಾಲ ಕಲಬುರಗಿ ತೊಗರಿ ಅಂತ ಶಿಕ್ಕಾ ಬ್ಯಾರೆ ಹೊಡದೀದಿ" ಅಂತ ನಾ ನಕ್ಕೆ. ಅಕಿಗಿ ಸಿಟ್ಟು ಬಂತು. "ಅಕ್ಕಾ, ನೀವು ಹೊಸ ವಕೀಲಿ ಇದ್ದಾಗ ಯಾರಿಗಿ ಕೇಳ್ತಿದ್ರಿ?" ಅಂದ್ಲು. ನಾನು ಯಾರಿಗೂ ಕೇಳ್ತಿರಲಿಲ್ಲ, ಮನಿಗಿ ಬಂದು ಬಚ್ಚಲದಾಗ ಅಳ್ತಿದ್ದೆ. ಖರೆ ಹೇಳಬೇಕಂದ್ರ ಆ ಗುಂಪು ಅಕಿಗಿ ಉಪಕಾರ ಮಾಡಿತ್ತು. ಅತ್ತಿದ್ದಕ್ಕ ಯಾರೂ ನಗಲಿಲ್ಲ, ನಾವೂ ಅತ್ತೀವಿ ಅಂತ ಬರದಿದ್ರು. ಮರುದಿನ ಅಕಿ ಕುರ್ಚಿ ಮ್ಯಾಲ ಬೆನ್ನು ನೆಟ್ಟಗ ಮಾಡಿ ಕುಂತಿದ್ಲು.

ಈ ವರ್ಷ ಬ್ಯಾಸಗಿ ಶುರುವಿಗಿ ಭಾಗ್ಯ ಬಂದ್ಲು. ಶಹಾಬಾದದಾಕಿ. ಗಂಡ ಸುರೇಶಕುಮಾರ ಫರಸಿ ಪಾಲಿಶ್ ಮಾಡೋ ಕಾರ್ಖಾನಿಯಾಗ ಮಶೀನ್ ನಡಸ್ತಾನ. ಫರಸಿ ಅಂದ್ರ ನಮ್ಮ ಕಡಿ ನೆಲದಾಗ ಪದರ ಪದರ ಆಗಿ ಸಿಗೋ ಚಪ್ಪಟಿ ಕಲ್ಲು, ಊರೂರಿಗಿ ಹೋಗ್ತದ. ಭಾಗ್ಯ ಟೊಂಕ ಹಿಡಕೊಂಡು ಒಳಗ ಬಂದ್ಲು. ಗಂಡ ಒದ್ದ ಟೊಂಕ. ಅದೇ ಟೊಂಕದ ನೋವಿಗಿ ಚಿತ್ತಾಪುರದಾಗ ಎಣ್ಣಿ ತಿಕ್ಕೋ ಮುದುಕಿ ಅದಾಳ ಅಂತ ಸುಳ್ಳು ಹೇಳಿ ಬಂದಿದ್ಲು. ಹೆಂಡತಿ ಎದ್ದು ಕೆಲಸ ಮಾಡದಿದ್ರ ತನಗ ರೊಟ್ಟಿ ಇಲ್ಲ ಅಂತ ಅಂವ ಹೋಗಿ ಬಾ ಅಂದಿದ್ದ. ಪ್ರತಿ ಗುರುವಾರ ಬರಲಿಕತ್ತಿದ್ಲು.

ಭಾಗ್ಯ ಭಾಳ ಮಾತಿನಾಕಿ ಅಲ್ಲ. ಮೊದಲ ಎರಡು ಗುರುವಾರ ಬರೇ ನೀರು ಕುಡದು ಹೋದ್ಲು. ಮೂರನೇ ಸಲದಿಂದ ಒಂದೊಂದೇ ಹೇಳಲಿಕತ್ತಿದ್ಲು, ಪೂನಮ್ ಬರದಿಡಲಿಕತ್ತಿದ್ಲು. ಒಂದು ಗುರುವಾರ ಚಪ್ಪಲಿ ಕಳದು ಅಂಗಾಲು ತೋರಿಸಿದ್ಲು. ಪಡದಾ ಸರಿಸಿ ಪೂನಮ್ ನನಗ ಒಳಗ ಕರದ್ಲು, ಭಾಗ್ಯನ ಕೇಳಿಯೇ ಕರದ್ಲು. ಎರಡೂ ಅಂಗಾಲಿನ ತೊಗಲು ಸುಲದು ಕೆಂಪಗ ಆಗಿತ್ತು, ಅಲ್ಲಲ್ಲಿ ಹಳೇ ಗುಳ್ಳಿ ಒಣಗಿ ಕರ್ರಗಾಗಿದ್ದವು.

ಅವರ ಮನಿ ಅಂಗಳದಾಗ ಅಂವ ಒಂದು ಕರೀ ಫರಸಿ ಹಾಕ್ಯಾನ. ತಾನೇ ಕನ್ನಡಿ ಹಂಗ ಪಾಲಿಶ್ ಮಾಡ್ಯಾನ. ಮಧ್ಯಾಹ್ನದ ಬಿಸಿಲಿಗಿ ಅದು ಕಾಯ್ತದಲ್ಲ, ಆಗ ಹೆಂಡತಿಗಿ ಬರಿಗಾಲಿಲೆ ಅದರ ಮ್ಯಾಲ ನಿಲ್ಲಸ್ತಾನ. ಕೆಳಗಿಳಿದ್ರ ಬೆಲ್ಟ್. ಆ ಕಲ್ಲಿಗಿ ಅಂವ 'ತವಾ' ಅಂತ ಹೆಸರಿಟ್ಟಾನ. ಸಾರಿನಾಗ ಉಪ್ಪು ಕಮ್ಮಿ ಆದ್ರ "ಏರು ತವಾದ ಮ್ಯಾಲ". ಬಾಜು ಮನಿಯವರ ಸಂಗಟ ನಕ್ಕಿದ್ರ "ಏರು ತವಾದ ಮ್ಯಾಲ". ಓಣಿ ಮಂದಿ ಗ್ವಾಡಿ ಮ್ಯಾಲಿಂದ ನೋಡ್ತಾರ. ಇದೆಲ್ಲ ಹೇಳೋ ಮುಂದ ಭಾಗ್ಯ ಅಳಲಿಲ್ಲ. ನಾ ಮೇಜಿಗಿ ಗುದ್ದಿದೆ, ಗಿಲಾಸು ಉರುಳಿ ನೀರು ಚೆಲ್ಲಿತು. ಭಾಗ್ಯನೇ ಎದ್ದು ಸೆರಗಿಲೆ ಒರಿಸಿದ್ಲು. "ಇವತ್ತೇ ಠಾಣೇಕ್ಕ ನಡಿ" ಅಂದೆ. "ಬ್ಯಾಡ್ರಿ ವಕೀಲಮ್ಮ. ಒಮ್ಮೆ ಹೋಗೀನಿ. ಸಂಜಿಗಿ ಅವನಿಗಿ ಬುದ್ಧಿ ಹೇಳಿ ಕಳಸಿದ್ರು. ಮನಿಗಿ ಬಂದವನೇ ಸೀದಾ ಟೊಂಕಕ್ಕ ಒದ್ದ" ಅಂದ್ಲು.

ಅಕಿ ಅಕ್ಕ ಸೇಡಂದಾಗ ಇರ್ತಾಳ. ಮುಂದಿನ ವಾರ ಗಂಡ ಕೆಲಸಕ್ಕ ಹೋದ ಮ್ಯಾಲ ರೈಲಿಗಿ ವಾಡಿಗಿ ಬಂದು, ಅಲ್ಲಿ ಗಾಡಿ ಬದಲಿಸಿ ಅಕ್ಕನ ಕಡಿ ಹೋಗ್ತೀನಿ ಅಂದ್ಲು. "ನೀವು ಹೋಗು ಅಂದ್ರ ಹೋಗ್ತೀನಿ ಮೇಡಮ್ಮೋರ. ಯಾರಿಗೂ ಹೇಳಬ್ಯಾಡ್ರಿ, ಅಷ್ಟೇ." ಪೂನಮ್ ಅಕಿ ಕೈ ಮುಟ್ಟಿ ಮಾತು ಕೊಟ್ಟಳು.

ಆ ದಿನ ನಾ ಮನಿಗಿ ಹೋದೆ. ಪೂನಮ್ ಒಬ್ಬಾಕಿನೇ ಕುಂತಿದ್ಲು. ಹೋಗು ಅನ್ನಬೇಕೋ ಬ್ಯಾಡೋ? ಓಡಿ ಹೋಗೋ ಹೆಂಗಸರಿಗಿ ಓಡೋ ದಿನಾನೇ ಜೀವಕ್ಕ ಹೆಚ್ಚು ಅಪಾಯ ಅಂತ ಅಕಿ ಓದಿದ್ಲು. ತಾ ಹೋಗು ಅಂದು, ಅಂವ ದಾರ್ಯಾಗ ಹಿಡದು ಕೊಂದ್ರ? ಹೋಗಬ್ಯಾಡ ಅಂದು, ಮನ್ಯಾಗೇ ಕೊಂದ್ರ? ಸಾಹೇಬರಿಗಿ ಫೋನ್ ಹಚ್ಚಿದ್ಲು, "ಕೈಪಿಡಿ ನೋಡಮ್ಮ" ಅಂದು ಇಟ್ಟರು. ಆಗ ಅಕಿ ತೊಗರಿ ಹೂ ಆಗಿ ಗುಂಪಿನಾಗ ಬರದ್ಲು. ನಾ ಅದನ್ನ ಎಷ್ಟು ಸಲ ಓದೀನಿ ಅಂದ್ರ ಬಾಯಿಪಾಠ ಆಗ್ಯದ.

"ನಾನು ಹೊಸಬಳು. ನನ್ನ ಬಳಿ ಬರುವ ಒಬ್ಬ ಮಹಿಳೆ ವಾಡಿಯವರು. ಗಂಡ ಮಧ್ಯಾಹ್ನದ ಬಿಸಿಲಲ್ಲಿ ಫರಸಿಯ ಮೇಲೆ ಬರಿಗಾಲಲ್ಲಿ ನಿಲ್ಲಿಸುತ್ತಾನೆ. ಆ ಕಲ್ಲಿಗೆ ತವಾ ಎಂದು ಹೆಸರಿಟ್ಟಿದ್ದಾನೆ. ಮುಂದಿನ ವಾರ ಅವರು ಅಕ್ಕನ ಊರಿಗೆ ಹೊರಟಿದ್ದಾರೆ. ಹೋಗಿ ಎನ್ನಲೇ? ಪೊಲೀಸರಿಗೆ ಹೇಳಲೇ? ಗುಟ್ಟು ಕಾಯುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ದಯವಿಟ್ಟು ಯಾರಾದರೂ ಹೇಳಿ."

ತನ್ನ ಹೆಸರು ಮುಚ್ಚಿದ್ಲು. ಭಾಗ್ಯನ ಹೆಸರು ಮುಚ್ಚಿದ್ಲು. ಶಹಾಬಾದ ಅನ್ನೋದು ತೆಗದು ವಾಡಿ ಅಂತ ಹಾಕಿದ್ಲು. ಫರಸಿ ಮಾತ್ರ ಹಂಗೇ ಬಿಟ್ಟಳು. ಯಾಕ ಬಿಟ್ಟಳು ಅಂತ ಬೆಂಗಳೂರು ಮೈಸೂರಿನವರಿಗಿ ತಿಳಿಯಂಗಿಲ್ಲ, ನನಗ ತಿಳೀತದ. ನಾವು ಫರಸಿ ಮ್ಯಾಲ ಹುಟ್ಟಿದ ಮಂದಿ. ನೆಲಕ್ಕ ಫರಸಿ, ಮಾಡಿಗಿ ಫರಸಿ, ಬಚ್ಚಲಕ್ಕ ಫರಸಿ, ಅರಬಿ ಒಗಿಲಿಕ್ಕ ಫರಸಿ. ಸತ್ತ ಮ್ಯಾಲ ಗೋರಿ ಮ್ಯಾಲೂ ಅದೇ. ಅದು ಒಂದು ಗುರ್ತು ಅಂತ ಮುಧೋಳದ ಹುಡುಗಿ ತೆಲ್ಯಾಗ ಬರಲೇ ಇಲ್ಲ. ಎಲ್ಲಾ ಮನ್ಯಾಗೂ ಇರ್ತದಲ್ಲ ಅಂತ ಅಕಿ ಲೆಕ್ಕ. ಆದ್ರ ಎಲ್ಲಾ ಮನಿ ಫರಸಿಗಿ ತವಾ ಅಂತ ಹೆಸರು ಇರಂಗಿಲ್ಲ.

ಉತ್ತರ ಬಂದವು. 'ಸೋಮವಾರ' ಅನ್ನಾಕಿ, ಆಧಾರ್ ಕಾರ್ಡು, ಒಂದು ಜೊತಿ ಅರಬಿ ಮೊದಲೇ ಬ್ಯಾರೆ ಕಡಿ ಇಡಿಸು ಅಂದ್ಲು. 'ಹಳೇ ಛತ್ರಿ' ಅನ್ನಾಂವ, "ಇಷ್ಟು ವಿವರ ಬೇಡ, ಗುರುತು ಸಿಗುತ್ತದೆ, ಮೊದಲು ತೆಗೆಯಿರಿ" ಅಂದ. "ಊರು ಬದಲಿಸಿದ್ದೇನೆ ಸರ್" ಅಂತ ಪೂನಮ್ ಬರದ್ಲು. ಸ್ವಲ್ಪ ಹೊತ್ತಿಗಿ ಅಕಿಗೂ ಯಾಕೋ ಮನಸ್ಸು ಕಸಿವಿಸಿ ಆಗಿ ಬರದದ್ದನ್ನ ತೆಗದುಬಿಟ್ಟಳು.

ಅಷ್ಟ್ರಾಗ ಕೆಲಸ ಕೆಟ್ಟಿತ್ತು. ಅದೇ ಗುಂಪಿನಾಗ ಇನ್ನೊಬ್ಬ ಹೊಸ ಸಲಹೆಗಾರ, ಚಂದಾಪುರದ ಕಡಿಯಾಂವ, ಅಂವಂದೂ ಸುಳ್ಳ ಹೆಸರು. ಓದಿ ಅವನ ಹೊಟ್ಟಿ ಉರೀತಂತ. ಫೋಟೋ ಹಿಡದು, "ನಮ್ಮ ಭಾಗದ ಗಂಡಸರ ಪೌರುಷ ನೋಡ್ರಿ" ಅಂತ ಒಂದು ಸುದ್ದಿ ಪೇಜಿಗಿ ಕಳಿಸಿದ. ಒಳ್ಳೇದು ಮಾಡ್ತೀನಿ ಅಂತಲೇ ಕಳಿಸಿದ. ಗಡಿಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಹ್ಯಾಂಗ ಮುಚ್ಚತಿ? ಸೇಡಂ, ಚಿಂಚೋಳಿ, ವಾಡಿ, ಶಹಾಬಾದ, ಎಲ್ಲಾ ಕಡಿ ಫೋನಿನಾಗ ಅದೇ ಓಡಾಡ್ತು.

ಎರಡು ದಿನಕ್ಕ ಶಹಾಬಾದದ ಒಂದು ಚಹಾದ ಹೋಟ್ಲದಾಗ ಒಬ್ಬ ಅದನ್ನ ಜೋರಾಗಿ ಓದಿದ. ಓದಿ ನಕ್ಕೋತ, "ಸುರೇಶ್ಯಾ, ಇದು ನಿಂದೇ ತವಾ ಅಲ್ಲೇನಲೇ? ಹೆಂಡತಿ ಅಕ್ಕನ ಊರಿಗಿ ಹೊಂಟಾಳಂತ ನೋಡು" ಅಂದ. ಸುರೇಶಕುಮಾರ ಕೈಯಾಗಿನ ಚಹಾ ಪೂರಾ ಕುಡದ. ಕಾರ್ಖಾನಿಗಿ ಹೋಗಿ ಸುತ್ತಿಗಿ ತಗೊಂಡ. ಮನಿಗಿ ನಡದ.

ಅದೇ ಹೊತ್ತಿಗಿ ಚಿತ್ತಾಪುರದಾಗ ಪೂನಮ್ ಆ ಪೇಜ್ ನೋಡಿದ್ಲು. ಕೇಂದ್ರದಿಂದ ನನ್ನ ಆಫೀಸಿನ ತನಕ ಓಡಿ ಬಂದ್ಲು, ಕಾಲಾಗ ಚಪ್ಪಲಿ ಇರಲಿಲ್ಲ. ಫೋನ್ ತೋರಿಸಿದ್ಲು. ನಾ ಓದಿ ಅಕಿ ಕಪಾಳಕ್ಕ ಹೊಡದೆ. ಖರೆ ಹೇಳ್ತೀನಿ, ಹೊಡದೆ, ಮತ್ತ ಆ ಹೊತ್ತಿಗಿ ಅದು ಸರಿ ಅಂತಲೇ ಅನಸ್ತು. ಆಮ್ಯಾಲ ಅಕಿನ್ನ ಸ್ಕೂಟಿ ಹಿಂದ ಕುಂದ್ರಿಸಿಕೊಂಡೆ. ಭಾಗ್ಯನ ಫೋನಿಗಿ ನಾವು ಹಚ್ಚೋ ಹಂಗಿರಲಿಲ್ಲ, ಅದು ಗಂಡನ ಕೈಯಾಗ ಇರ್ತದ. ಶಹಾಬಾದ ಠಾಣೇಕ್ಕ ಹಚ್ಚಿ ಮನಿ ಗುರ್ತ ಹೇಳಿದೆ. ವಾಡಿ ದಾಟೋ ತನಕ ಪೂನಮ್ ನನ್ನ ಬೆನ್ನಿಗಿ ಹಣಿ ಹಚ್ಚಿ, "ಹೊರಗ ಬಾ ಭಾಗ್ಯ, ಅಂವ ಬರೋದ್ರಾಗ ಹೊರಗ ಬಾ" ಅಂತ ತನ್ನಷ್ಟಕ್ಕ ತಾನೇ ಬಡಬಡಿಸಲಿಕತ್ತಿದ್ಲು.

ನಾವು ಮುಟ್ಟೋದ್ರಾಗ ಮುಗದಿತ್ತು. ಏನಾಯ್ತು ಅಂತ ಬಾಜು ಮನಿ ಮೌಲಾಲಿ ಚಾಚಾ ಹೇಳಿದ್ರು. ಖಣಿಯಾಗ ಕಲ್ಲು ಒಡದು ಒಡದು ಬೆನ್ನು ಬಾಗಿದ ಮನಷಾ. ಸುರೇಶಕುಮಾರ ಹೆಂಡತಿ ಕೂದಲ ಹಿಡದು ಅಂಗಳಕ್ಕ ಎಳದು ತಂದ. ತವಾದ ಮ್ಯಾಲ ಅಕಿ ಬಲಗೈ ಇಟ್ಟು ಮಣಿಕಟ್ಟಿನ ಮ್ಯಾಲ ಮೊಣಕಾಲು ಊರಿದ. "ಯಾರ ಮುಂದ ಹೇಳೀದಿ? ಬರದಾಕಿ ಯಾರು? ಹೆಸರು ಹೇಳು" ಅಂದ. ಭಾಗ್ಯ ಗೊತ್ತಿಲ್ಲ ಅಂದ್ಲು. ಕಿರುಬೆರಳಿನ ಮ್ಯಾಲ ಸುತ್ತಿಗಿ ಬಿತ್ತು. ಮತ್ತ ಕೇಳಿದ. ಮತ್ತ ಗೊತ್ತಿಲ್ಲ ಅಂದ್ಲು. ಬಾಜು ಬೆರಳಿನ ಮ್ಯಾಲ ಬಿತ್ತು. ಓಣಿ ಮಂದಿ ಗ್ವಾಡಿಗುಂಟ ನಿಂತಿದ್ರು. ಕೆಲವರು ಫೋನ್ ಮ್ಯಾಲೆತ್ತಿ ಹಿಡದಿದ್ರು. ನಡುಬೆರಳಿನ ಹೊತ್ತಿಗಿ ಚಾಚಾ ಸಲಿಕಿ ತಗೊಂಡು ಗ್ವಾಡಿ ಹತ್ತಿ ಒಳಗ ಜಿಗದ್ರು, ಅವನ ಬೆನ್ನಿಗಿ ಬೀಸಿ ಹೊಡದ್ರು. ಅಂವ ತಿರುಗಿ ಬಿದ್ದ, ಚಾಚಾನ ಭುಜಕ್ಕ ಸುತ್ತಿಗಿ ಬಿತ್ತು. ಚಾಚಾ ಎರಡನೇ ಸಲ ಹೊಡದದ್ದು ಮೊಣಕಾಲಿಗಿ. ಆಗ ಅಂವ ನೆಲಕ್ಕ ಬಿದ್ದ. ಪೋಲೀಸರು ಬಂದಾಗ ಚಾಚಾ ಅವನ ಎದಿ ಮ್ಯಾಲ ಕುಂತಿದ್ರು.

ಪೂನಮ್ ಆ ಕರೀ ಕಲ್ಲಿನ ಮುಂದ ಹೋಗಿ ನಿಂತ್ಲು. ರಕ್ತ ಆಗಲೇ ಒಣಗಿ ಅಂಟಿಕೊಂಡಿತ್ತು. ಮೂಲ್ಯಾಗ ಕಟಗಿ ಒಡಿಯೋ ಕೊಡಲಿ ಇತ್ತು. ಅಕಿ ಅದನ್ನ ಎತ್ತಿ ಕಲ್ಲಿನ ಮ್ಯಾಲ ಹೊಡಿಲಿಕತ್ತಿದ್ಲು. ನಾ ಹಿಡದೆ. ಪುರಾವಿ ಅದು, ಮುಟ್ಟಬ್ಯಾಡ ಅಂದೆ. ಕೊಡಲಿ ಕಸಗೊಳ್ಳೋದ್ರಾಗ ನನ್ನ ಅಂಗೈ ಹರೀತು. ಅಷ್ಟು ಶಕ್ತಿ ಆ ಸಣಕಲ ಹುಡುಗಿ ಮೈಯಾಗ ಎಲ್ಲಿತ್ತೋ.

ಭಾಗ್ಯನ ಕಲಬುರಗಿ ದವಾಖಾನಿಗಿ ಒಯ್ದಿದ್ರು. ಎರಡು ಬೆರಳು ತೆಗದ್ರು, ಮೂರನೇದಕ್ಕ ಸಳಿ ಹಾಕಿದ್ರು. ಮರುದಿನ ನಾವು ಹೋದಾಗ ಅಕಿ ಎಚ್ಚರ ಇದ್ಲು, ಮುಖ ಬಾತಿತ್ತು. ಪೂನಮ್‌ನ ನೋಡಿ ಜರಾ ನಕ್ಕಳು.

"ನಾ ನಿಮ್ಮ ಹೆಸರು ಹೇಳಲಿಲ್ಲ ಮೇಡಮ್ಮೋರ" ಅಂದ್ಲು. "ನಮ್ಮ ಓಣಿಯವರೇ ಯಾರೋ ಬರದಾರ. ಅಂವ ನಿಮ್ಮನ್ನ ಹುಡುಕ್ಕೊಂಡು ಬರ್ತಾನ ಅಂತ ಅಂಜಿದ್ದೆ. ನಾ ಹೇಳಲಿಲ್ಲ."

ನಾ ವಕೀಲಿ. ನನ್ನ ತೆಲಿ ಆಗಲೇ ಬ್ಯಾರೆ ಕಡಿ ಓಡ್ತಿತ್ತು. ಸುರೇಶಕುಮಾರ ಠಾಣ್ಯಾಗ, ಕಲ್ಲು ಎತ್ತೋ ಮುಂದ ಜಾರಿ ಕೈ ಮ್ಯಾಲ ಬಿತ್ತು ಅಂದಿದ್ದ. ಓಣಿಯವರು ನಾವು ನೋಡೇ ಇಲ್ಲ ಅಂತಿದ್ರು, ಫೋನಿನಾಗ ಹಿಡದವರೂ ಅಳಿಸಿಬಿಟ್ಟಿದ್ರು. ಮೌಲಾಲಿ ಚಾಚಾನ ಮ್ಯಾಲೇ ಸುರೇಶಕುಮಾರನ ತಮ್ಮಂದಿರು ಫಿರ್ಯಾದಿ ಕೊಟ್ಟಿದ್ರು. ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಅನ್ನೋದು ಇದಕ್ಕ. ತಿಂಗಳುಗಟ್ಟಲೆ ಅಂವ ಏನೇನು ಮಾಡ್ಯಾನ ಅಂತ ಭಾಗ್ಯನ ಬಾಯಿಂದ ಕೇಳಿದಾಕಿ, ಆ ಅಂಗಾಲು ನೋಡಿ ಬರದಿಟ್ಟಾಕಿ ಪೂನಮ್. ನಾ ನೋಡಿದ್ದು ಒಂದ ದಿನ. ಪೂನಮ್ ಸಾಕ್ಷಿ ಹೇಳಿದ್ರ ಕೇಸ್ ನಿಲ್ತದ. ಹೇಳಿದ್ರ ತೊಗರಿ ಹೂ ಯಾರು ಅನ್ನೋದೂ ಹೊರಗ ಬರ್ತದ. ನೌಕರಿ ಹೋಗ್ತದ, ಮುಂದ ಯಾರೂ ಕೆಲಸ ಕೊಡಂಗಿಲ್ಲ, ಅವನ ತಮ್ಮಂದಿರಿಗಿ ಮನಿ ಬಾಗಲ ತೋರಿಸಿದಂಗ ಆಗ್ತದ. ಇದನ್ನೆಲ್ಲ ದವಾಖಾನಿ ಹೊರಗ ಪಡಸಾಲ್ಯಾಗ ನಿಂದರಿಸಿ ಅಕಿಗಿ ಹೇಳಿದೆ. "ಬರದಾಕಿ ನೀನಂತ ಭಾಗ್ಯನಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನೀ ಸುಮ್ಮನಿದ್ರ ಸುಮ್ಮನಿರಬಹುದು" ಅಂದೆ. ಯಾಕಂದೆ? ಅಕಿ ಏನು ಮಾಡ್ತಾಳ ನೋಡಬೇಕಾಗಿತ್ತು ನನಗ.

ಅಕಿ ನನ್ನ ಮುಖ ನೋಡಲೇ ಇಲ್ಲ. ತಿರುಗಿ ವಾರ್ಡಿಗಿ ಹೋದ್ಲು. ಹಾಸಿಗಿ ಬಾಜು ನಿಂತು, "ಭಾಗ್ಯ, ಓಣಿಯವರು ಯಾರೂ ಬರದಿಲ್ಲ. ಬರದಾಕಿ ನಾನು" ಅಂದ್ಲು. ಗುಂಪು ಅಂದ್ರ ಏನು, ತಾನು ಯಾಕ ಬರದೆ, ಯಾಕ ಹೆಸರು ಮುಚ್ಚಿದ್ದೆ, ಅದು ಹ್ಯಾಂಗ ಹೊರಗ ಹೋಯ್ತು, ಒಂದೂ ಬಿಡದೆ ಹೇಳಿದ್ಲು. "ನನ್ನ ಹೆಸರು ಮುಚ್ಚಿಕೊಂಡು ನಿನ್ನ ಬಯಲಿಗಿಟ್ಟೆ" ಅಂದ್ಲು.

ಭಾಗ್ಯ ಪಟ್ಟಿ ಕಟ್ಟಿದ ಕೈ ಎತ್ತಿ ಎದಿ ಮ್ಯಾಲ ಇಟಗೊಂಡು ಗ್ವಾಡಿ ಕಡಿ ಹೊಳ್ಳಿದ್ಲು. ಪೂನಮ್ ಕುರ್ಚಿ ಮ್ಯಾಲ ಕುಂದ್ರಲೂ ಇಲ್ಲ, ಹೋಗಲೂ ಇಲ್ಲ. ಕಡೀಕ ನರ್ಸ್ ಬಂದು ಹೊರಗ ಕಳಸಿದ್ಲು.

ಅಲ್ಲಿಂದ ಅಕಿ ಸೀದಾ ಶಹಾಬಾದ ಠಾಣೇಕ್ಕ ನಡಿ ಅಂದ್ಲು. ನಾ ಜೊತಿಗಿ ಇದ್ದೆ. ಹೆಸರು ಪೂನಮ್, ಅಪ್ಪನ ಹೆಸರು ಭೀಮಶ್ಯಾ, ಊರು ಮುಧೋಳ, ಕೆಲಸ ಸಲಹೆಗಾರ್ತಿ. ಫೋನಿನಾಗ ಬರದಾಕಿ ನಾನೇ. ಠಾಣೇದ ಸಾಹೇಬರು ಎರಡು ಸಲ, "ವಿಚಾರ ಮಾಡ್ರಿ ಮೇಡಮ್" ಅಂದ್ರು. "ಮಾಡೀನಿ, ಬರಕೋರಿ" ಅಂದ್ಲು.

ಮೂರನೇ ದಿನಕ್ಕ ಸುರೇಶಕುಮಾರನ ತಮ್ಮಂದಿರು ಇಬ್ಬರು ಮೋಟರ್ ಸೈಕಲ್ ಮ್ಯಾಲ ಚಿತ್ತಾಪುರಕ್ಕ ಬಂದ್ರು. ಕೇಂದ್ರದ ಕಿಡಕಿ ಗಾಜು ಒಡದ್ರು. ಒಳಗ ನುಗ್ಗಿ, "ಯಾವಾಕಿ ಪೂನಮ್?" ಅಂತ ಒದರಿದ್ರು. ಬಾಯಾಗ ಹಲ್ಕಾ ಬೈಗಳ, ಒಬ್ಬನ ಕೈಯಾಗ ಕಬ್ಬಿಣದ ಸಳಿ. ನಾ ಪಡದಾದ ಈಚಿ ಇದ್ದೆ. ಸುಳ್ಳು ಹೇಳೋಣ ಅಂತ ಬಾಯಿ ತಗಿಯೋದ್ರಾಗ ಪೂನಮ್ ಪಡದಾ ಸರಿಸಿ, "ನಾನು" ಅಂದ್ಲು. ಸಳಿ ಬೀಸಿದ, ಅಕಿ ಹಣಿ ಹರೀತು. ಅಷ್ಟ್ರಾಗ ನಾ ಕುರ್ಚಿ ಎತ್ತಿ ಅವನ ತೆಲಿ ಮ್ಯಾಲ ಹಾಕಿದ್ದೆ. ಈ ಸಲ ಗುರಿ ತಪ್ಪಲಿಲ್ಲ. ಬಾಜು ದುಕಾನಿನವರು ಬಂದು ಇಬ್ಬರಿಗೂ ಹೊರಗ ಎಳದು ಬರಾಬರ್ ತದಕಿದ್ರು. ಪೂನಮ್‌ಗ ಎಂಟು ಹೊಲಿಗಿ ಬಿದ್ದವು.

ಸಂಸ್ಥಾದವರು ಅಕಿನ್ನ ಕೆಲಸದಿಂದ ತೆಗದ್ರು. ಗುಟ್ಟು ಕಾಯಲಿಲ್ಲ ಅಂತ ಕಾರಣ ಬರದ್ರು, ಅದು ಖರೇನೂ ಹೌದು, ಅದಕ್ಕ ಅಕಿ ವಾದ ಮಾಡಲಿಲ್ಲ. ಕೈಪಿಡಿ ನೋಡಮ್ಮ ಅಂದ ಸಾಹೇಬರ ಬಗ್ಗೆ ಮಾತ್ರ ಯಾರೂ ಏನೂ ಬರೀಲಿಲ್ಲ. ಆ ಚಂದಾಪುರದ ಹುಡುಗ ಗುಂಪಿನಾಗ ಅಕಿಗಿ ಕ್ಷಮೆ ಕೇಳಿದ, ಅದೂ ಸುಳ್ಳ ಹೆಸರಿಲೆ. ನನಗ ಮೈಯೆಲ್ಲ ಉರೀತು. ಕ್ಷಮೆ ಕೇಳೋದನ್ನರೆ ಸ್ವಂತ ಹೆಸರಿಲೆ ಕೇಳಬೇಕೋ ಬ್ಯಾಡೋ? ಪೂನಮ್, "ಅಂವನೂ ಹೊಸಬ ಅಕ್ಕಾ, ಬಿಡ್ರಿ" ಅಂದ್ಲು. ಈ 'ಬಿಡ್ರಿ' ಅನ್ನೋ ಮಾತು ಕೇಳಿದ್ರ ನನಗ ಈಗಲೂ ಆಗಿ ಬರಂಗಿಲ್ಲ.

ಜಾಮೀನು ಅರ್ಜಿ ಬಂದ ದಿನ ಕೋರ್ಟ್ ತುಂಬಿತ್ತು. ಅವರ ವಕೀಲ ಆ ಬರಹದ ಕಾಗದ ಹಿಡದು, ಹೆಸರಿಲ್ಲದವರು ಎಲ್ಲೋ ಬರದದ್ದನ್ನ ಯಾರು ನಂಬಬೇಕು ಅಂದ. ಸರ್ಕಾರಿ ವಕೀಲರು ಪೂನಮ್‌ನ ಹೇಳಿಕಿ ಮುಂದಿಟ್ಟರು. ಹೆಸರು, ಊರು, ಸಹಿ, ಎಲ್ಲಾ ಇತ್ತು. ಅಕಿ ಹಿಂದಿನ ಬಾಕಿನ ಮ್ಯಾಲ ಹಣಿಗಿ ಪಟ್ಟಿ ಕಟಗೊಂಡು ಕುಂತಿದ್ಲು. ಮಂದಿ ಹೊಳ್ಳಿ ಹೊಳ್ಳಿ ನೋಡ್ತಿದ್ರು. ಜಾಮೀನು ಸಿಗಲಿಲ್ಲ. ಸುರೇಶಕುಮಾರನ ವ್ಯಾನಿಗಿ ಹತ್ತಿಸೋ ಮುಂದ ಅಂವ ಅಕಿ ಕಡಿ ನೋಡಿ, "ಹೊರಗ ಬರ್ತೀನಿ, ಆಗ ತವಾದ ಮ್ಯಾಲ ನೀನು" ಅಂದ. ನಾಕು ಮಂದಿ ಪೋಲೀಸರ ಮುಂದ ಅಂದ. ನಾ ಅದನ್ನೂ ಬರಸಿದೆ.

ಕೆಲಸ ಹೋದ ಮ್ಯಾಲ ಅಕಿಗಿ ನನ್ನ ಆಫೀಸಿನಾಗ ಒಂದು ಮೂಲಿ ಕೊಟ್ಟೀನಿ. ನನ್ನ ಅರ್ಜಿ ಟೈಪ್ ಮಾಡ್ತಾಳ. ಮುಧೋಳಕ್ಕ ಬಾ ಅಂತ ಅನಸುಬಾಯಿ ದಿನಾ ಫೋನಿನಾಗ ಅಳ್ತಾಳ, ಅಕಿ ಹೋಗಂಗಿಲ್ಲ. ಯಾಕ ಹೋಗಂಗಿಲ್ಲ ಅಂತ ನನಗ ಗೊತ್ತದ. ಭಾಗ್ಯ ದವಾಖಾನಿಯಿಂದ ಸೇಡಂಕ್ಕ ಅಕ್ಕನ ಮನಿಗಿ ಹೋದ ಸುದ್ದಿ ಬ್ಯಾರೆಯವರಿಂದ ತಿಳದಿತ್ತು, ಅಕಿ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಪೂನಮ್ ತಾನಾಗಿ ಹೋಗಿ ಕಾಣಲಿಲ್ಲ. "ಅಕಿ ಬಾಗಲ ಬಡಿಲಿಕ್ಕ ನನಗ ಹಕ್ಕಿಲ್ಲ ಅಕ್ಕಾ. ಬರೋದಿದ್ರ ಅಕಿ ಬರಬೇಕು" ಅಂದಿದ್ಲು. ಬರಂಗಿಲ್ಲ ಅಂತ ನಾ ಮನಸ್ಸಿನಾಗ ಅಂದುಕೊಂಡಿದ್ದೆ. ನಾನಾಗಿದ್ರ ಬರ್ತಿರಲಿಲ್ಲ.

ಹೋದ ವಾರ ನಾ ಒಬ್ಬ ಕಕ್ಷಿದಾರನಿಗಿ ಬೈಲಿಕತ್ತಿದ್ದೆ. ಬಾಗಲದಾಗ ಭಾಗ್ಯ ನಿಂತಿದ್ಲು. ಬಲಗೈ ಸೆರಗಿನಾಗ ಮುಚ್ಚಿರಲಿಲ್ಲ, ಹಂಗೇ ಬಿಟ್ಟಿದ್ಲು. ಪೂನಮ್ ಗಡಬಡಿಸಿ ಎದ್ದಳು, ಮೇಜಿನ ಕಾಗದ ಎಲ್ಲಾ ಕೆಳಗ ಬಿದ್ದವು. "ನಾ ಈಗ ಕೆಲಸದಾಗ ಇಲ್ಲ ಭಾಗ್ಯ. ಕಲಬುರಗಿಯಾಗ ಛಲೋ ಮೇಡಮ್ ಒಬ್ಬರು ಅದಾರ, ಅವರ ಕಡಿ ನಾನೇ ಕಳಸ್ತೀನಿ" ಅಂದ್ಲು.

ಭಾಗ್ಯ ಕುರ್ಚಿ ಎಳಕೊಂಡು ಕುಂತ್ಲು. ಆ ಕೈಲೆ ಎಳೀಲಿಕ್ಕ ಅಕಿಗಿ ಇನ್ನ ಬರಂಗಿಲ್ಲ, ಎಡಗೈಲೆ ಎಳದ್ಲು.

"ನನಗ ನಿಮ್ಮ ಮ್ಯಾಲ ಭಾಳ ಸಿಟ್ಟದ" ಅಂದ್ಲು. "ರೊಟ್ಟಿ ಬಡಿಲಿಕ್ಕ ಆಗಂಗಿಲ್ಲ, ಕೂದಲ ಹಿಕ್ಕೊಳ್ಳಿಕ್ಕ ಆಗಂಗಿಲ್ಲ. ದಿನಾ ಮುಂಜಾನಿ ನಿಮಗ ಬೈತೀನಿ."

"ಬೈ" ಅಂದ್ಲು ಪೂನಮ್.

"ಬೈಲಿಕ್ಕ ಬಂದಿಲ್ಲ. ಹೇಳೋದು ಇನ್ನ ಭಾಳ ಅದ. ಬ್ಯಾರೆಯವರ ಮುಂದ ಮೊದಲಿಂದ ಹೇಳೋ ತಾಕತ್ತು ನನಗಿಲ್ಲ." ಭಾಗ್ಯ ನನ್ನ ಕಡಿ ನೋಡಿದ್ಲು. ನಾ ಕಕ್ಷಿದಾರನ ಕರಕೊಂಡು ಹೊರಗ ನಡದೆ. ಬಾಗಲ ಹಾಕಿಕೊಳ್ಳೋ ಮುಂದ ಭಾಗ್ಯನ ಮಾತು ಕೇಳಸ್ತು.

"ಇದನ್ನೂ ನೀವು ಯಾರಿಗರೆ ಕೇಳಬೇಕಾಗ್ತದ, ನನಗ ಗೊತ್ತದ. ಕೇಳ್ರಿ. ಆದ್ರ ಬರಿಯೋಕಿಂತ ಮೊದಲ ನನಗ ಓದಿ ಹೇಳ್ರಿ."